ಥಂಡರ್‌ಬರ್ಡ್: ಗ್ರಾಹಕರ ಕಾಗದಪತ್ರ ಕಾಯುವವರಿಗೆ

ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವುದು ನನ್ನ ಕೆಲಸ. ಜನ ನಂಬಿ ಪ್ಯಾನ್ ಕಾರ್ಡ್, ಪಾಸ್‌ಬುಕ್ ಪ್ರತಿ ಎಲ್ಲವನ್ನೂ ಇಮೇಲ್‌ನಲ್ಲೇ ಕಳಿಸುತ್ತಾರೆ. ಹಾಗಾಗಿ ಇಮೇಲ್ ಆ್ಯಪ್ ಆರಿಸುವಾಗ ನಾನು ಮೊದಲು ನೋಡಿದ್ದು ಅಂದಚಂದವನ್ನಲ್ಲ, ಪತ್ರ ಯಾರ ಕೈ ದಾಟಿ ಬರುತ್ತದೆ ಎಂಬುದನ್ನು. ಕೆಲವು ಆ್ಯಪ್‌ಗಳು ನಮ್ಮ ಮೇಲ್‌ಗಳನ್ನು ತಮ್ಮ ಸರ್ವರ್‌ಗೆ ತರಿಸಿಕೊಂಡು ಆಮೇಲೆ ನಮಗೆ ತೋರಿಸುತ್ತವೆ. ಅಂಥದ್ದು ಬೇಡವೇ ಬೇಡ.

ಥಂಡರ್‌ಬರ್ಡ್ ಇಮೇಲ್ ಓದಲು, ಕಳಿಸಲು ಇರುವ ಉಚಿತ, ಮುಕ್ತ (ಮೂಲ ಕೋಡ್ ಯಾರು ಬೇಕಾದರೂ ನೋಡಬಹುದಾದ) ತಂತ್ರಾಂಶ. ಮೊದಲ ಪೂರ್ಣ ಆವೃತ್ತಿ ಬಂದದ್ದು 2004ರಲ್ಲಿ. ಅದು ಮೇಲ್ ಸರ್ವರ್ ಜೊತೆ ನೇರವಾಗಿ ವ್ಯವಹರಿಸುತ್ತದೆ. ನನಗೆ ತುಂಬಾ ಹಿಡಿಸಿದ್ದು ಇದು: ಜಾಹೀರಾತಿನ ಮೇಲ್ ತೆರೆದರೆ ಚಿತ್ರಗಳ ಜಾಗ ಖಾಲಿ, ಮೇಲ್ಗಡೆ ಒಂದು ಪಟ್ಟಿಯಲ್ಲಿ ಗೌಪ್ಯತೆಗಾಗಿ ತಡೆಹಿಡಿದಿದೆ ಎಂಬ ಸೂಚನೆ. ಕಳಿಸಿದವರ ಸರ್ವರ್‌ನಿಂದ ಇಳಿಯುವ, ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವೊಂದು ಸಾಕು, ನಾವು ಮೇಲ್ ತೆರೆದ ಹೊತ್ತು ಕಳಿಸಿದವರಿಗೆ ಗೊತ್ತಾಗಿಬಿಡುತ್ತದೆ. ಇಲ್ಲಿ ನಾನು ಒಪ್ಪಿದರೆ ಮಾತ್ರ ಅದು ಲೋಡ್ ಆಗುತ್ತದೆ.

ಕೀಲಿ ಇದ್ದವರು ಮಾತ್ರ ಪತ್ರ ಓದುವಂತೆ ಮಾಡುವ ಓಪನ್‌ಪಿಜಿಪಿ ಗೂಢಲಿಪಿ 2020ರಿಂದ ಒಳಗೇ ಇದೆ. ಆದರೆ ಎದುರಿನವರ ಬಳಿಯೂ ಕೀಲಿ ಇರಬೇಕು. ನನ್ನ ಗ್ರಾಹಕರಿಗೆ ಅದು ದೂರದ ಮಾತು.

ಕೊಂಡುಕೊಳ್ಳುವ ಖರ್ಚಿಲ್ಲ ನಿಜ, ಎಚ್ಚರ ಬೇಕು. ಜಿಮೇಲ್ ಖಾತೆ ಜೋಡಿಸಿದರೆ ಪತ್ರಗಳು ಗೂಗಲ್ ಬಳಿ ಇದ್ದೇ ಇರುತ್ತವೆ. ಡಿಸ್ಕ್‌ಗೆ ಇಳಿದ ಸಾಮಾನ್ಯ ಮೇಲ್‌ಗಳಿಗೆ ಬೀಗವಿಲ್ಲ. ಹಾಗಾಗಿ ಲ್ಯಾಪ್‌ಟಾಪ್‌ನ ಇಡೀ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿಕೊಂಡ (ಗೂಢಲಿಪಿಗೆ ಬದಲಿಸಿದ) ಮೇಲೆ ಖಾತೆ ಜೋಡಿಸಿ.