ತಂಗಡಿ ಗಿಡ ಕೊಟ್ಟರು, ಮಳೆ ಲೆಕ್ಕ ಮರೆತರು

ಶಿವಮೊಗ್ಗದ ಹತ್ತಿರದ ನರ್ಸರಿ ಒಂದರ ಬಗ್ಗೆ ಇದು, ಹೆಸರು ಬೇಡ. 'ನಾಟಿ ಹೂಗಿಡಗಳು' ಅಂತ ಬೋರ್ಡ್ ಇತ್ತು. ಹೋದ ವರ್ಷ ಮೇ ಕೊನೆಯಲ್ಲಿ ತಂಗಡಿ, ನೀಲಿ (ಸೊಪ್ಪಿನಿಂದ ನೀಲಿ ಬಣ್ಣ ತೆಗೆಯುವ ಗಿಡ), ಗಿಲಿಗಿಚ್ಚಿ ತಂದೆ. ಮೂರೂ ಅವರೆ, ತೊಗರಿಯ ಜಾತಿಯವೇ. ಒಂದೊಂದಕ್ಕೆ 40 ರೂಪಾಯಿ. ಗಿಡಗಳೇನೋ ಗಟ್ಟಿಮುಟ್ಟಾಗಿದ್ದವು, ಬೇರು ಕವರಿನೊಳಗೆ ಸುತ್ತಿಕೊಂಡಿರಲಿಲ್ಲ.

ತಂಗಡಿ ಬೇಕು ಅಂದಿದ್ದು ನನ್ನ ಹೆಂಡತಿ. ಅವಳ ತವರು ಚಿತ್ರದುರ್ಗದ ಕಡೆ, ಅಲ್ಲಿ ರಸ್ತೆ ಬದಿಯಲ್ಲೇ ಹಳದಿ ಹೂ ಬಿಟ್ಟು ನಿಂತಿರುತ್ತದೆ, ದೀಪಾವಳಿಗೆ ಸಗಣಿ ಉಂಡೆಗೆ ಸಿಕ್ಕಿಸುತ್ತಾರೆ. ಹಿಂದೆ ಇದರ ತೊಗಟೆಯಿಂದ ತೊಗಲು ಹದ ಮಾಡುತ್ತಿದ್ದರು. "ನಮ್ಮದು ತೀರ್ಥಹಳ್ಳಿ ಕಡೆ, ಮಳೆ ಜಾಸ್ತಿ, ಬರುತ್ತಾ?" ಅಂತ ಕೇಳಿದೆ. "ಎಲ್ಲಿ ಹಾಕಿದ್ರೂ ಬರುತ್ತೆ ಮಾರಾಯ್ರೆ, ಮಣ್ಣಿಗೆ ಸಾರಜನಕಾನೂ ಕೊಡುತ್ತೆ" ಅಂದರು.

ಎರಡೂ ತಪ್ಪು. ಇದು ಒಣ ನೆಲದ ಗಿಡ. ಜುಲೈ ಮಳೆಗೆ ಎಲೆ ಹಳದಿಯಾಗಿ ಉದುರಿತು, ಕಿತ್ತು ನೋಡಿದರೆ ಬೇರು ಕಪ್ಪಗಾಗಿ ಸಿಪ್ಪೆ ಕೈಗೇ ಬಂತು. ಇನ್ನು ಸಾರಜನಕ ಹಿಡಿಯುವ ಗಂಟು ಈ ಜಾತಿಯ ಎಲ್ಲಾ ಗಿಡದ ಬೇರಲ್ಲೂ ಇರುವುದಿಲ್ಲ. ಗಿಲಿಗಿಚ್ಚಿಗೆ ಇದೆ, ನೀಲಿಗೆ ಇದೆ, ತಂಗಡಿಗೆ ಇಲ್ಲ. ಗಿಲಿಗಿಚ್ಚಿಯ ಒಣಗಿದ ಕಾಯಿ ಅಲ್ಲಾಡಿಸಿದರೆ ಗೆಜ್ಜೆ ಹಾಗೆ ಸದ್ದು, ಮಕ್ಕಳಿಗೆ ಖುಷಿ. ಆದರೆ ಇದರಲ್ಲಿ ಎಷ್ಟೋ ಬಗೆಯ ಬೀಜ ದನಕರುಗಳಿಗೆ ವಿಷ. ಇದನ್ನು ಮಾರುವವರೇ ಹೇಳಬೇಕಿತ್ತು ಅಲ್ವಾ?

ಗೊಬ್ಬರದ ಗಿಡವನ್ನೂ (ಗ್ಲಿರಿಸಿಡಿಯಾ) ನಾಟಿ ಸಾಲಿನಲ್ಲೇ ಇಟ್ಟಿದ್ದರು! ತೋಟಕ್ಕೆ ಒಳ್ಳೆಯದೇ, ಗೂಟ ಹೊಡೆದರೂ ಚಿಗುರುತ್ತದೆ, ಆದರೆ ಬಂದಿದ್ದು ಮೆಕ್ಸಿಕೋ ಕಡೆಯಿಂದ.

ಕೊಟ್ಟ ದುಡ್ಡಿಗೆ ಮೋಸವಿಲ್ಲ ಅನ್ನಿಸಿದ್ದು ನೀಲಿಯಲ್ಲಿ. ನೀರು ಇಳಿದು ಹೋಗುವ ದಿಬ್ಬದಲ್ಲಿ ನೆಟ್ಟಿದ್ದಕ್ಕೋ ಏನೋ, ಮಳೆ ತಡೆದುಕೊಂಡಿತು, ಸಣ್ಣ ಗುಲಾಬಿ ಹೂಗೊಂಚಲು ಬಿಟ್ಟಿತು. ಸುಮ್ನೆ ನೋಡೋಣ ಅಂತ ಸೊಪ್ಪು ಬಕೆಟ್ಟಿನಲ್ಲಿ ನೆನೆಹಾಕಿದೆ. ಮರುದಿನ ಹಸಿರು ಹಳದಿ ನೀರು, ಸ್ವಲ್ಪ ನಾತ. ಸೊಪ್ಪು ಹಿಂಡಿ ತೆಗೆದು, ಚಿಟಿಕೆ ಸುಣ್ಣ ಹಾಕಿ ಸೌಟಿನಲ್ಲಿ ಬಡಿಯುತ್ತಾ ಹೋದ ಹಾಗೆ ಗಾಳಿ ತಾಗಿ ನೊರೆ ನೀಲಿಯಾಯಿತು, ಸಂಜೆಗೆ ತಳದಲ್ಲಿ ಒಂದು ಚಮಚ ಗಸಿ.

ಸತ್ತ ತಂಗಡಿಗೆ ಬದಲಿ ಕೇಳಿದಾಗ ಮುಖ ಗಂಟು ಹಾಕದೆ ಕೊಟ್ಟರು. ಅದೀಗ ಸೂರಿನಡಿ ಕುಂಡದಲ್ಲಿದೆ. ಗಿಡಕ್ಕೆ 5ಕ್ಕೆ 4, ಮಾತಿಗೆ 1.