ಹೊಯ್ಗೆ ದಡದಲ್ಲಿ ಪೆನ್ ಸ್ಪಿನ್‌ಫಿಶರ್ ಸಿಕ್ಸ್: ಸೀಲ್ ಇದ್ದರೂ ತಪ್ಪದ ಆರೈಕೆ

ಕಡಲ ದಡದಲ್ಲಿ ನಿಂತು ಗಾಳ ಎಸೆಯುವವರಿಗೆ ಪೆನ್ ಕಂಪನಿಯ ಸ್ಪಿನ್‌ಫಿಶರ್ ಸಿಕ್ಸ್ ರೀಲನ್ನು ಸೂಚಿಸುವವರು ಮೊದಲು ಹೇಳುವುದು ನೀರು, ಧೂಳು ಒಳಹೋಗದಂತೆ ತಡೆಯುವ ಶಕ್ತಿಯನ್ನು ಸೂಚಿಸುವ ಅದರ ಐಪಿಎಕ್ಸ್5 ದರ್ಜೆಯ ವಿಚಾರವನ್ನು. ಈ ರೀಲಿನ ಒಡಲಿಗೂ ದಾರ ಸುತ್ತಿಕೊಳ್ಳುವ ಸ್ಪೂಲಿಗೂ ಸೀಲ್ ಇರುವುದರಿಂದ ತೆರೆ ಬಡಿದಾಗ ಉಪ್ಪುನೀರು ಸುಲಭವಾಗಿ ಗೇರುಗಳನ್ನು ತಲುಪುವುದಿಲ್ಲ ಎಂಬುದು ನಿಜ. ಆದರೆ ಐಪಿ ದರ್ಜೆಯಲ್ಲಿ ಮೊದಲ ಸ್ಥಾನ ಧೂಳಿನಂತಹ ಘನ ಪದಾರ್ಥಗಳಿಗೆ, ಎರಡನೆಯದು ನೀರಿಗೆ ಮೀಸಲು. ಮೊದಲ ಸ್ಥಾನದಲ್ಲಿ ಅಂಕಿಯಿಲ್ಲದೆ ಎಕ್ಸ್ ಇದ್ದರೆ ಧೂಳಿನ ಬಗ್ಗೆ ಆ ದರ್ಜೆ ಏನನ್ನೂ ಹೇಳುತ್ತಿಲ್ಲ ಎಂದೇ ತಿಳಿಯಬೇಕು. ಮುಂದಿನ 5 ಎಂಬ ಅಂಕಿಯಾದರೂ 6.3 ಮಿ.ಮೀ. ನಳಿಕೆಯಿಂದ ನಿಮಿಷಕ್ಕೆ 12.5 ಲೀಟರಿನಂತೆ ಚಿಮ್ಮುವ ನೀರಿನ ಪರೀಕ್ಷೆಗೆ ಸಂಬಂಧಿಸಿದ್ದೇ ಹೊರತು, ಬಕೆಟ್ಟಿನಲ್ಲಿ ಮುಳುಗಿಸಿಡುವುದಕ್ಕೆ ಕೊಟ್ಟ ಪರವಾನಗಿಯಲ್ಲ.

ಸಸಿಹಿತ್ಲಿನ ಅಳಿವೆಯಲ್ಲಾಗಲಿ, ಪಡುಬಿದ್ರಿ, ಮರವಂತೆಗಳ ಉದ್ದನೆಯ ದಡದಲ್ಲಾಗಲಿ ಗಾಳ ಹಾಕುವವರಿಗೆ ಈ ವ್ಯತ್ಯಾಸ ಮುಖ್ಯವಾಗುತ್ತದೆ, ಏಕೆಂದರೆ ಅಲ್ಲಿ ರೀಲಿನ ದೊಡ್ಡ ಶತ್ರು ನೀರಲ್ಲ, ಹೊಯ್ಗೆ, ಅಂದರೆ ಮರಳು. ಹೊಯ್ಗೆಯಲ್ಲಿರುವ ಸ್ಫಟಿಕದ ಕಣಗಳ ಗಡಸುತನ ಮೋಸ್ ಅಳತೆಯಲ್ಲಿ 7. ಅಲ್ಯೂಮಿನಿಯಂ, ಹಿತ್ತಾಳೆಗಳದ್ದು ಸುಮಾರು 3. ಗ್ರೀಸಿಗೆ ಅಂಟಿಕೊಂಡ ನಾಲ್ಕು ಕಣಗಳಿದ್ದರೂ ಹ್ಯಾಂಡಲ್ ತಿರುಗಿಸಿದಷ್ಟೂ ಲೋಹ ಸವೆಯುತ್ತದೆ. ಆದ್ದರಿಂದ ರೀಲು ಹೊಯ್ಗೆಗೆ ಬಿದ್ದಾಗ ಕರಕರ ಸದ್ದು ಬರುತ್ತದೆಯೇ ಎಂದು ತಿರುಗಿಸಿ ನೋಡುವ ಅಭ್ಯಾಸವನ್ನು ಬಿಡಬೇಕು. ಮೊದಲು ಸ್ಪೂಲ್ ಕಳಚಿ, ಬಾಟಲಿಯಲ್ಲಿ ತಂದ ಸಿಹಿನೀರನ್ನು ನಿಧಾನವಾಗಿ ಸುರಿದು ಕಣಗಳನ್ನು ಇಳಿಸಿ, ಆನಂತರವೇ ಹ್ಯಾಂಡಲಿಗೆ ಕೈ ಹಾಕಬೇಕು. ಪಿವಿಸಿ ಪೈಪಿನ ತುಂಡೊಂದನ್ನು ದಡದಲ್ಲಿ ನೆಟ್ಟು ಗಾಳದ ಕೋಲನ್ನು ಅದರಲ್ಲಿ ನಿಲ್ಲಿಸಿದರೆ ಈ ಪಾಡಿನ ಬಹುಪಾಲು ತಪ್ಪುತ್ತದೆ. ಇಷ್ಟು ಬೆಲೆಯ ರೀಲು ಕೊಂಡವರು ಆ ಪೈಪಿಗೆ ಜಿಪುಣತನ ಮಾಡುವುದು ನನಗೆ ಅರ್ಥವಾಗದ ಸಂಗತಿ.

ಸೀಲಿನ ನಿಜವಾದ ಲಾಭವೆಂದರೆ ಒಡಲನ್ನು ಬಿಚ್ಚಬೇಕಾದ ಸಂದರ್ಭಗಳು ಕಡಿಮೆಯಾಗುವುದು. ಪೂರ್ಣ ಲೋಹದ ಒಡಲು ಭಾರವೆನಿಸಿದರೂ ಬಾಗುವುದಿಲ್ಲ, ಎಚ್‌ಟಿ-100 ಎಂಬ ಕಾರ್ಬನ್ ಫೈಬರ್ ಡ್ರ್ಯಾಗ್, ಅಂದರೆ ಸ್ಪೂಲಿನ ಬ್ರೇಕು, ಮೀನಿನ ಓಟವನ್ನು ಜರ್ಕಿಲ್ಲದೆ ತಡೆಯುತ್ತದೆ. ಆದರೆ ದಾರ ಹಾಯುವ ಲೈನ್ ರೋಲರ್, ದಾರವನ್ನು ಸ್ಪೂಲಿನತ್ತ ತಿರುಗಿಸುವ ತಂತಿಯ ಕಮಾನಾದ ಬೇಲಿನ ಎರಡು ಕೀಲುಗಳು, ಹ್ಯಾಂಡಲಿನ ಗುಂಡಿ ಇವೆಲ್ಲ ಒಡಲಿನ ಸೀಲಿನಿಂದಾಚೆಗೆ ಉಳಿಯುತ್ತವೆ. ಇವುಗಳಲ್ಲಿ ಮೊದಲು ಕೆಡುವುದು ರೋಲರ್. ಒದ್ದೆ ದಾರ ಹೊತ್ತು ತರುವ ಉಪ್ಪೂ ನುಣ್ಣನೆಯ ಹೊಯ್ಗೆಯೂ ನೇರವಾಗಿ ಅದರ ಮೇಲೆಯೇ ಹಾಯುತ್ತವೆ. ಅದು ತಿರುಗದೆ ನಿಂತರೆ ದಾರ ಒಂದೇ ಜಾಗದಲ್ಲಿ ಉಜ್ಜಿ ರೋಲರಿಗೆ ಗೀರು ಬೀಳುತ್ತದೆ, ಆ ಗೀರು ಮತ್ತೆ ದಾರವನ್ನು ಕಡಿಯುತ್ತದೆ. ಪ್ರತಿ ಬಾರಿ ತೊಳೆದು ಒಣಗಿದ ಮೇಲೆ ರೋಲರಿಗೆ ಒಂದು ಹನಿ ತೆಳು ರೀಲ್ ಎಣ್ಣೆ ಬಿಟ್ಟು, ಬೆರಳಿನಿಂದ ತಿರುಗಿಸಿ ನೋಡುವುದು ಉಳಿದೆಲ್ಲ ಆರೈಕೆಗಿಂತ ಹೆಚ್ಚು ಫಲ ಕೊಡುತ್ತದೆ.

ತೊಳೆಯುವ ಮೊದಲು ಡ್ರ್ಯಾಗನ್ನು ಬಿಗಿ ಮಾಡಬೇಕು, ಇಲ್ಲವಾದರೆ ನೀರು ವಾಷರುಗಳ ಕಡೆಗೆ ನುಸುಳುವ ಅವಕಾಶವಿರುತ್ತದೆ. ನಲ್ಲಿಯ ನೀರು ಮೆಲ್ಲಗೆ ಹರಿಯುತ್ತಿರಬೇಕು. ಬೈಕು ತೊಳೆಯುವ ಪ್ರೆಶರ್ ಪಂಪನ್ನು ಹಿಡಿದರೆ ಹೊರಗಿನ ಹೊಯ್ಗೆಯನ್ನು ನಾವೇ ಸೀಲಿನ ಸಂದಿಗೆ ತುಂಬಿದಂತಾಗುತ್ತದೆ. ಬಳಿಕ ಸ್ಪೂಲ್ ತೆಗೆದು, ನಡುವಿನ ದಂಡವನ್ನು ಹತ್ತಿಯ ಬಟ್ಟೆಯಿಂದ ಒರೆಸಿ ಗ್ರೀಸನ್ನು ತೆಳುವಾಗಿ ಸವರಬೇಕು. ಹಳೆಯ ಗ್ರೀಸಿನ ಮೇಲೆಯೇ ಹೊಸದನ್ನು ಹಚ್ಚಿದರೆ ಅದರೊಳಗಿನ ಕಣಗಳು ಅಲ್ಲೇ ಉಳಿಯುತ್ತವೆ. ಡಬ್ಲ್ಯೂಡಿ-40 ಸಿಂಪಡಿಸಿ ಕೆಲಸ ಮುಗಿಯಿತೆನ್ನುವವರು ನಮ್ಮಲ್ಲಿ ಬಹಳ ಜನರಿದ್ದಾರೆ. ಅದು ತೇವವನ್ನು ಓಡಿಸಲು ಒಳ್ಳೆಯದೇ, ಆದರೆ ಒಳಗಿನ ಗ್ರೀಸನ್ನೂ ಕರಗಿಸಿಬಿಡುವುದರಿಂದ ಗೇರುಗಳ ಬಳಿಗೆ ಅದನ್ನು ಒಯ್ಯದಿರುವುದೇ ಲೇಸು.

ಒಡಲನ್ನು ಬಿಚ್ಚಲೇಬೇಕಾದಾಗ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಬೇರಿಂಗಿನ ಹಿಂದೆ ಅಂಟಿಕೊಂಡಿರುವ ಕಾಗದದಷ್ಟು ತೆಳುವಾದ, ಶಿಮ್ ಎಂಬ ವಾಷರ್ ಕಣ್ಣಿಗೆ ಬೀಳದೆ ಕಳೆದುಹೋಗುತ್ತದೆ. ಲೋಹದ ಗೇರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯಬಹುದು, ಆದರೆ ರಬ್ಬರ್ ಸೀಲುಗಳಿಗೆ ಅದನ್ನು ತಾಗಿಸಬಾರದು. ಹಿಂದಕ್ಕೆ ತಿರುಗದಂತೆ ತಡೆಯುವ ಒನ್‌ವೇ ಬೇರಿಂಗಿಗೆ ಗ್ರೀಸ್ ತುಂಬಿದರೆ ಅದರ ರೋಲರುಗಳು ಹಿಡಿತ ತಪ್ಪಿ ಹ್ಯಾಂಡಲ್ ಹಿಂದಕ್ಕೆ ಜಾರುತ್ತದೆ. ಅದಕ್ಕೆ ತೆಳು ಎಣ್ಣೆಯ ಒಂದೆರಡು ಹನಿ ಸಾಕು. ಇಂತಹ ಬಿಡಿಭಾಗಗಳನ್ನು ಕೈಯಲ್ಲಿ ಹಿಡಿಯಲು ಧೈರ್ಯವಿಲ್ಲದವರು ಬಲ್ಲವರಿಗೆ ಕೊಟ್ಟು ಮಾಡಿಸುವುದು ಮೇಲು. ಸೀಲ್ ಸರಿಯಾಗಿ ಕೂರದೆ ಮುಚ್ಚಿದ ರೀಲು ಸೀಲೇ ಇಲ್ಲದ ರೀಲಿಗಿಂತ ಅಪಾಯಕಾರಿ, ಏಕೆಂದರೆ ಒಳಹೊಕ್ಕ ನೀರು ಹೊರಗೆ ಹೋಗಲು ದಾರಿಯಿರುವುದಿಲ್ಲ.

ತಿಂಗಳಿಗೊಮ್ಮೆ ಕೆರೆ, ಹೊಳೆಯಲ್ಲಿ ಗಾಳ ಹಾಕುವವರು ಈ ರೀಲಿಗೆ ಹಣ ಹಾಕಬೇಕಾಗಿಲ್ಲ. ಸೊಂಟದವರೆಗೆ ನೀರಿಗಿಳಿದು ಎಸೆಯುವವರಿಗೆ ಇದು ತಕ್ಕ ಆಯ್ಕೆ. ಕಡಲು ಕೆರಳಿ ದಡಕ್ಕೆ ಹೋಗಲಾಗದ ಮಳೆಗಾಲದಲ್ಲಿ ಡ್ರ್ಯಾಗ್ ಗುಂಡಿಯನ್ನು ಪೂರ್ತಿ ಸಡಿಲಿಸಿ ವಾಷರುಗಳ ಮೇಲಿನ ಒತ್ತಡ ಇಳಿಸಬೇಕು. ರೀಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಬಟ್ಟೆಯ ಚೀಲದಲ್ಲಿ, ಗಾಳಿಯಾಡುವ ಕಪಾಟಿನಲ್ಲಿ ಇಡಬೇಕು.