ಮುಖ ನೋಡಿ ಖಿನ್ನತೆ ಅಳೆಯುವ ಆ್ಯಪ್: ಸೋಮವಾರಪೇಟೆಯ ಮನೆಯೊಂದರ ಅನುಭವ

ಫೋನಿನ ಕ್ಯಾಮೆರಾ ಎದುರು ಸ್ವಲ್ಪ ಹೊತ್ತು ಮಾತನಾಡಿದರೆ ಖಿನ್ನತೆಯ ಸಾಧ್ಯತೆಯನ್ನು ಅಂಕದಲ್ಲಿ ತಿಳಿಸುವ ಆ್ಯಪ್ ಒಂದನ್ನು ಈ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನಾನೂ ಅತ್ತೆಯವರೂ ಬಳಸಿ ನೋಡಿದೆವು.

ಇದರ ಹಿಂದಿನ ವಿಜ್ಞಾನ ಹುಸಿಯಲ್ಲ. ಮುಖದ ಸ್ನಾಯುಗಳ ಒಂದೊಂದು ಚಲನೆಗೂ ಸಂಖ್ಯೆ ಕೊಟ್ಟು ಗುರುತಿಸುವ ಪದ್ಧತಿಯನ್ನು ಪಾಲ್ ಎಕ್‌ಮನ್ ಮತ್ತು ವಾಲೆಸ್ ಫ್ರೀಸನ್ 1978ರಲ್ಲೇ ಪ್ರಕಟಿಸಿದ್ದರು. ಅದರಲ್ಲಿ ತುಟಿಯಂಚು ಮೇಲೇರುವುದು 12ನೆಯ ಘಟಕ, ಕೆಳಗಿಳಿಯುವುದು 15ನೆಯದು. ಖಿನ್ನತೆಯಿಂದ ಬಳಲುವವರಲ್ಲಿ ನಗು ವಿರಳವಾಗುವುದನ್ನೂ ತಲೆಯ ಚಲನೆ ಕುಗ್ಗುವುದನ್ನೂ ಸಂಶೋಧಕರು ಕಂಡಿದ್ದಾರೆ. ಆದರೆ ಅಮೆರಿಕದ ಡಾರ್ಟ್‌ಮತ್ ಕಾಲೇಜಿನವರು 2024ರಲ್ಲಿ ವರದಿ ಮಾಡಿದ ಇಂಥದೇ ಆ್ಯಪ್‌ನ ನಿಖರತೆ ಶೇ. 75ರಷ್ಟಿತ್ತು, ಅದರಲ್ಲಿ ಪಾಲ್ಗೊಂಡ 177 ಮಂದಿಯೂ ಖಿನ್ನತೆಯಿದೆಯೆಂದು ಮೊದಲೇ ಗುರುತಿಸಲ್ಪಟ್ಟವರಾಗಿದ್ದರು; ಹಾಗಾಗಿ ಖಿನ್ನತೆಯಿಲ್ಲದವರ ಮುಖವನ್ನು ಅದು ಎಷ್ಟು ಸರಿಯಾಗಿ ಓದುತ್ತದೆಂಬುದು ಇದರಿಂದ ತಿಳಿಯದು.

ನಮ್ಮ ಮನೆಯಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅತ್ತೆಯವರಿಗೆ ಪಾರ್ಕಿನ್ಸನ್ ಕಾಯಿಲೆಯಿದೆ. ಆ ಕಾಯಿಲೆಯಲ್ಲಿ ಮನಸ್ಸು ಹಗುರವಾಗಿದ್ದರೂ ಮುಖದ ಸ್ನಾಯುಗಳು ಬಿಗಿಯಾಗಿ ಭಾವ ಕಾಣಿಸದಿರಬಹುದು. ಆ್ಯಪ್ ಅವರಿಗೆ ತೀವ್ರ ಖಿನ್ನತೆಯ ಅಂಕ ನೀಡಿತು. ಅದೇ ಆ್ಯಪ್‌ನಲ್ಲಿರುವ ಪಿಎಚ್‌ಕ್ಯೂ-9 ಪ್ರಶ್ನಾವಳಿಗೆ, ಅಂದರೆ ಕಳೆದ ಎರಡು ವಾರಗಳ ನಿದ್ದೆ, ಹಸಿವು, ಆಸಕ್ತಿ ಮೊದಲಾದವನ್ನು ಕೇಳಿ 27ಕ್ಕೆ ಅಂಕ ಕೊಡುವ ಒಂಬತ್ತು ಪ್ರಶ್ನೆಗಳಿಗೆ ಅವರು ಉತ್ತರಿಸಿದಾಗ ಬಂದದ್ದು ತೀರ ಕಡಿಮೆ ಅಂಕ. ಕರೆಂಟು ಹೋಗಿ ಮಂಜು ಕವಿದ ಮಧ್ಯಾಹ್ನಗಳಲ್ಲಂತೂ ನನ್ನ ಮುಖವನ್ನೂ ಅದು ಸರಿಯಾಗಿ ಓದಲಿಲ್ಲ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ತದ್ವಿರುದ್ಧವಾದ ಅಪಾಯ: ಹುತ್ತರಿ ಹಬ್ಬಕ್ಕೆ ಬಂದ ನೆಂಟರನ್ನು ನಗುನಗುತ್ತ ಉಪಚರಿಸಿ, ಒಳಗಿನ ಸಂಕಟವನ್ನು ಯಾರಿಗೂ ತೋರದ ಹೆಣ್ಣುಮಕ್ಕಳನ್ನು ನಾನು ಬಲ್ಲೆ; ಅವರಿಗೆ ಕ್ಯಾಮೆರಾ 'ಏನೂ ಇಲ್ಲ' ಎಂದರೆ ಅವರು ಸಹಾಯ ಕೇಳುವುದನ್ನೇ ಬಿಟ್ಟುಬಿಡಬಹುದು.

ಆ್ಯಪ್‌ನ ಸಹಾಯವಾಣಿಯ ಪುಟದಲ್ಲಿ ವಿದೇಶದ ಸಂಖ್ಯೆಗಳಿವೆ. ಹಗಲಿರುಳು ಕನ್ನಡದಲ್ಲೇ ಉಚಿತವಾಗಿ ಮಾತನಾಡಲು ಸಿಗುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಅಲ್ಲಿಲ್ಲ, ಇದು ಅಕ್ಷಮ್ಯ.

ಕಾಫಿ ಕೊಯ್ಲಿನ ಕಾರ್ಮಿಕರ ಮೇಲೆ ಇದನ್ನು ಬಳಸಬಹುದೇ ಎಂದು ಪರಿಚಿತ ತೋಟದ ಮಾಲೀಕರೊಬ್ಬರು ಕೇಳಿದರು. ಖಂಡಿತ ಬೇಡ ಎಂದೆ. ಸಂಬಳ ಕೊಡುವವರು ಮುಖ ಅಳೆಯಲು ಹೊರಟರೆ ಕಾರ್ಮಿಕರಿಗೆ ಒಲ್ಲೆ ಎನ್ನುವ ಧೈರ್ಯ ಬರುವುದಿಲ್ಲ. ಯುರೋಪಿಯನ್ ಒಕ್ಕೂಟವೂ ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳ ಹೊರತು ಕೆಲಸದ ಸ್ಥಳದಲ್ಲಿ ಹೀಗೆ ಭಾವನೆ ಊಹಿಸುವ ಯಂತ್ರಗಳನ್ನು 2025ರ ಫೆಬ್ರವರಿಯಿಂದ ನಿಷೇಧಿಸಿದೆ.

ಕನ್ನಡದ ಪ್ರಶ್ನಾವಳಿ ಸ್ಪಷ್ಟವಾಗಿದೆ, ಅದಕ್ಕೆ ಹಣವನ್ನೂ ಕೇಳುವುದಿಲ್ಲ. ಅಷ್ಟನ್ನು ಬಳಸಿ, ಅಂಕ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿರಿ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಕುರಿತದ್ದು, ಅದಕ್ಕೆ 'ಇಲ್ಲವೇ ಇಲ್ಲ' ಎಂಬುದನ್ನು ಬಿಟ್ಟು ಬೇರೆ ಯಾವ ಉತ್ತರ ಬಂದರೂ ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ಹೋಗಿರಿ. ಮುಖ ಪರೀಕ್ಷೆಗಾಗಿ ಕೇಳುವ ತಿಂಗಳ ಶುಲ್ಕವನ್ನು ಕೊಡಬೇಡಿ.